ಎಂಟು ದಿನದ ಮೌನ

ಎದೆಯಲ್ಲಿ ಗೋಲಿಯಷ್ಟು ದೊಡ್ಡ ಗಂಟೊಂದು ಕೈಗೆ ಹತ್ತಿದ್ದು ಸ್ನಾನದ ಮನೆಯಲ್ಲಿ. ರಾಯಬಾಗದಲ್ಲಿ ಡಾಕ್ಟರು ನೋಡಿ, "ಒಮ್ಮೆ ಮಿರಜಕ್ಕೆ ಹೋಗಿ ತೋರಿಸಿಬಿಡ್ರಿ" ಎಂದರು. ರಾಯಬಾಗ, ಅಥಣಿ, ಕಾಗವಾಡದವರಿಗೆ ಬೆಳಗಾವಿಗಿಂತ ಮಿರಜವೇ ಹತ್ತಿರ. ಆದರೂ "ಮಿರಜಕ್ಕ ಒಯ್ದಾರಂತ" ಎಂದರೆ ಸಾಕು, ಕೇಳಿದವರ ದನಿ ತಗ್ಗುತ್ತದೆ.

ಅಲ್ಲಿ ಆಸ್ಪತ್ರೆಯ ಬಾಕಿನ ಮೇಲೆ ನನ್ನ ಪಕ್ಕದಲ್ಲಿ ನಿಪ್ಪಾಣಿಯ ಬೀಡಿ ಕಟ್ಟುವ ಹೆಂಗಸೊಬ್ಬಳು ಕೂತಿದ್ದಳು. ಸುಟ್ಟ ತಂಬಾಕಿನ ಮಿಶ್ರಿಯಿಂದ ವರ್ಷಗಟ್ಟಲೆ ಹಲ್ಲು ತಿಕ್ಕಿದವಳು. ಕೆನ್ನೆಯೊಳಗೆ ಮಾಯದ ಹುಣ್ಣು.

"ನಿಮಗೇನಾಗೈತ್ರಿ ಬಾಯಾರ?"

"ಏನಿಲ್ಲ, ಸುಮ್ಮನ ಬಂದೀನಿ."

"ಸುಮ್ಮನ ಯಾರ್ ಬರ್ತಾರ್ರೀ ಇಲ್ಲಿಗೆ?" ಎಂದು ನಕ್ಕಳು. ಆಕೆ ಓಣಿಗೆಲ್ಲ ಹೇಳಿಯೇ ಬಂದಿದ್ದಳು. "ಹತ್ತು ಮಂದಿ ಕೂಡಿ ಬೀಡಿ ಕಟ್ತೀವ್ರಿ. ಒಬ್ಬಾಕಿ ಮುಖಾ ಬಾಡಿದ್ರ ಉಳಿದವರು ಬಿಡೂದಿಲ್ಲ."

ನನ್ನ ಗಂಟಿನಿಂದ ಸೂಜಿಯಲ್ಲಿ ಎಳೆಯಷ್ಟು ಮಾಂಸ ತೆಗೆದು, ಎಂಟು ದಿನ ಬಿಟ್ಟು ಬರಲು ಹೇಳಿದರು. ಅದನ್ನು ಫಾರ್ಮಲಿನ್‌ನಲ್ಲಿ ನೆನೆಸಿ, ಮೇಣದಲ್ಲಿ ಹುದುಗಿಸಿ, ಕೂದಲಿಗಿಂತ ತೆಳ್ಳಗೆ ಹೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಬೇಕಂತೆ. ಎದೆಯ ಗಂಟುಗಳಲ್ಲಿ ಹೆಚ್ಚಿನವು ಕ್ಯಾನ್ಸರ್ ಅಲ್ಲವೆಂದೂ ಹೇಳಿದರು. ಹಗಲು ಆ ಮಾತು ಆಸರೆಯಾಗುತ್ತಿತ್ತು. ರಾತ್ರಿ ಎರಡು ಗಂಟೆಗೆ ಯಾವ ಲೆಕ್ಕವೂ ಉಪಯೋಗಕ್ಕೆ ಬರುವುದಿಲ್ಲ.

ಚಿಂಚಲಿ ಮಾಯಕ್ಕನಿಗೆ ಹರಕೆ ಹೊತ್ತೆ. ಹೊತ್ತ ಮೇಲೆ ನನಗೇ ವಿಚಿತ್ರವೆನಿಸಿತು. ಆಗಬೇಕಾದದ್ದು ಆಗಿಹೋಗಿ ಮೇಣದಲ್ಲಿ ಕೂತಿದೆ. ಈಗ ದೇವಿ ಏನನ್ನು ಬದಲಿಸಬೇಕು? ನನ್ನ ಕೈಯಲ್ಲಿ ಉಳಿದದ್ದು ಆ ಎಂಟು ದಿನಗಳು ಮಾತ್ರ. ಅವುಗಳ ಬಗ್ಗೆಯೂ ನಾನು ಆಗಲೇ ತೀರ್ಮಾನಿಸಿಬಿಟ್ಟಿದ್ದೆ: ಅತ್ತೆಗೆ ಹೇಳುವುದು ಬೇಡ. ಎಪ್ಪತ್ತು ದಾಟಿದ ಜೀವ, ಜೊತೆಗೆ ಬಿ.ಪಿ. ಯಜಮಾನರಿಂದಲೂ ಮಾತು ತೆಗೆದುಕೊಂಡೆ.

ಐದನೆಯ ದಿನ ರೊಟ್ಟಿ ಬಡಿಯುತ್ತಿದ್ದಾಗ ಅತ್ತೆ ಬಂದು ಒಲೆಯ ಮುಂದೆ ಕೂತರು. "ನನ್ನಿಂದ ಏನರೆ ತಪ್ಪಾಗೈತೇನವಾ? ಐದು ದಿನಾ ಆತು, ನೀ ನನ್ನ ಮುಖಾ ನೋಡಿ ಮಾತಾಡಿಲ್ಲ." ಅಥಣಿಯ ಮಗಳ ಮನೆಗೆ ಹೋಗುವುದೆಂದು ಸೀರೆಗಳ ಗಂಟನ್ನೂ ಕಟ್ಟಿಟ್ಟಿದ್ದರು!

ನನ್ನ ದೇಹದ ಸುದ್ದಿ ನನ್ನದು, ಹೇಳುವುದೂ ಬಿಡುವುದೂ ನನ್ನ ಇಷ್ಟ ಎಂದು ಈಗಲೂ ನಂಬುತ್ತೇನೆ. ಆದರೆ ನೋವು ತಪ್ಪಿಸಲು ಹೋಗಿ ನಾನು ಅವರಿಗೆ ಇನ್ನೊಂದು ನೋವು ಕೊಟ್ಟಿದ್ದೆ, ಅದಕ್ಕೆ ಹೆಸರು ಕೂಡ ಹೇಳದೆ. ಅವರ ವಯಸ್ಸು, ಬಿ.ಪಿ. ಎಲ್ಲ ನೆಪ. ಅವರು ಅತ್ತರೆ ನಾನೂ ಅಳಬೇಕಾದೀತೆಂಬ ಹೆದರಿಕೆಯೇ ದೊಡ್ಡದಿತ್ತು.

ಹೇಳಿದೆ. ಅತ್ತೆ ಅಳಲಿಲ್ಲ. "ಇಷ್ಟ ದಿನಾ ಒಬ್ಬಾಕೆನ ಹೊತಗೊಂಡ ತಿರಗಿದಿ?" ಎಂದು ಗದರಿದರು. ಸಂಜೆ ನೋಡಿದರೆ ಸೀರೆಗಳು ಮತ್ತೆ ಟ್ರಂಕಿನಲ್ಲಿದ್ದವು. ಆ ರಾತ್ರಿಯೂ ನನಗೆ ಎಚ್ಚರವೇ. ಆದರೆ ಪಕ್ಕದ ಕೋಣೆಯಲ್ಲಿ ಇನ್ನೊಬ್ಬರು ಎಚ್ಚರವಿದ್ದರು.

ಎಂಟನೆಯ ದಿನ ಅತ್ತೆಯೂ ರೈಲು ಹತ್ತಿದರು. ಕುಡಚಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಕಿಟಕಿಯಿಂದ ನಾಣ್ಯ ಎಸೆದು ಕೈ ಮುಗಿದರು.

ವರದಿಯಲ್ಲಿ ಕ್ಯಾನ್ಸರ್ ಇರಲಿಲ್ಲ. ಹೊರಗೆ ಬಂದು ಬಾಕಿನ ಮೇಲೆ ನಿಪ್ಪಾಣಿಯವಳನ್ನು ಹುಡುಕಿದೆ. ಆಕೆಗೆ ಬೇರೆ ದಿನ ಹೇಳಿದ್ದರೇನೋ. ಅಷ್ಟೆಲ್ಲ ಮಾತಾಡಿದವಳ ಹೆಸರನ್ನೇ ನಾನು ಕೇಳಿರಲಿಲ್ಲ.