ವಾರದ ನೇಮವೂ ನೆರೆಯ ಧರ್ಮವೂ

ಕಾಲವು ಅನಂತವಾದುದು. ಅಲ್ಪಾಯುವಾದ ಮಾನವನು ಆ ಅನಂತವನ್ನು ಹಿಡಿಯಲಾರದೆ ಅದನ್ನು ಏಳೇಳು ದಿನಗಳ ಸಣ್ಣ ಗಂಟುಗಳನ್ನಾಗಿ ಕಟ್ಟಿಕೊಂಡಿರುವನು. ಆ ಗಂಟಿಗೆ ವಾರವೆಂದು ಹೆಸರು. ವಾರಕ್ಕೊಮ್ಮೆ ಸಂತೆ, ವಾರಕ್ಕೊಮ್ಮೆ ಒಪ್ಪತ್ತು, ವಾರಕ್ಕೊಮ್ಮೆ ದೇವದರ್ಶನ. ಹೀಗೆ ಸಂಸಾರದ ಕೆಲಸವೂ ಪರಮಾರ್ಥದ ಕೆಲಸವೂ ಒಂದೇ ಹಗ್ಗದಲ್ಲಿ ಹೊಸೆದ ಎರಡು ಎಳೆಗಳಂತೆ ಹಿರಿಯರ ಬಾಳಿನಲ್ಲಿ ಸಾಗಿಬಂದವು. ಎಳೆಗಳೆರಡೂ ಬಿಚ್ಚಿಹೋದರೆ ಹಗ್ಗವು ಹಗ್ಗವಾಗಿ ಉಳಿಯದು.

ಸೊಲ್ಲಾಪುರದ ಪೇಟೆಗಳ ಹೆಸರುಗಳೇ ವಾರದ ಮಹಿಮೆಯನ್ನು ಸಾರುವಂತಿವೆ. ಮಂಗಳವಾರ ಪೇಟೆ, ಬುಧವಾರ ಪೇಟೆ, ಶುಕ್ರವಾರ ಪೇಟೆ, ಶನಿವಾರ ಪೇಟೆ ಎಂದು ದಿನಗಳೇ ಇಲ್ಲಿ ಬೀದಿಗಳಾಗಿ ನಿಂತಿವೆ. ಹನ್ನೆರಡನೆಯ ಶತಮಾನದಲ್ಲಿ ಸೊನ್ನಲಿಗೆಯೆಂದು ಹೆಸರಾಗಿದ್ದ ಈ ಪುಣ್ಯಕ್ಷೇತ್ರದಲ್ಲಿ ಶಿವಯೋಗಿ ಸಿದ್ಧರಾಮೇಶ್ವರನು ಕೆರೆಯನ್ನು ಕಟ್ಟಿಸಿ, ಊರ ಸುತ್ತಲೂ 68 ಲಿಂಗಗಳನ್ನು ಸ್ಥಾಪಿಸಿದನೆಂಬುದು ಭಕ್ತರ ನಂಬುಗೆ. ಇಂದಿಗೂ ಮಕರ ಸಂಕ್ರಮಣದ ಜಾತ್ರೆಯಲ್ಲಿ ಏಳು ನಂದಿಧ್ವಜಗಳು ಆ ಲಿಂಗಗಳ ದಾರಿಯನ್ನು ಹಿಡಿದು ಬೀದಿ ಬೀದಿಗಳನ್ನು ಹಾಯ್ದು ಹೋಗುತ್ತವೆ. ವರ್ಷಕ್ಕೊಮ್ಮೆ ನಂದಿಧ್ವಜವು ನಡೆಯುವ ದಾರಿಯಲ್ಲಿಯೇ ಗೃಹಸ್ಥನು ವಾರವಾರವೂ ಕೈಚೀಲವನ್ನು ಹಿಡಿದು ಕಾಯಿಪಲ್ಲೆಗಾಗಿ ನಡೆಯುವನು. ದಾರಿಯು ಒಂದೇ. ನಡೆಯುವವನ ಭಾವವು ಮಾತ್ರ ಬೇರೆಯಾಗಬಹುದು.

ಇಂಥ ಪೇಟೆಗಳು ಈಗ ಮೊದಲಿನಂತಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಿಂದ ಇಲ್ಲಿ ನೂಲಿನ ಗಿರಣಿಗಳು ಎದ್ದವು. ಗಿರಣಿಯ ಭೋಂಗಾ ಕೂಗಿದರೆ ಇಡೀ ಓಣಿಯು ಎಚ್ಚರಗೊಳ್ಳುತ್ತಿದ್ದಿತು, ಒಲೆ ಹೊತ್ತುತ್ತಿದ್ದಿತು, ಜೋಳದ ರೊಟ್ಟಿಯನ್ನು ಬಡಿಯುವ ಸದ್ದು ಮನೆಯಿಂದ ಮನೆಗೆ ಕೇಳುತ್ತಿದ್ದಿತು. ಆ ದೊಡ್ಡ ಗಿರಣಿಗಳು ಒಂದೊಂದಾಗಿ ಮುಚ್ಚಿದವು. 1956ರಲ್ಲಿ ಪ್ರಾಂತಗಳ ಎಲ್ಲೆಗಳು ಬದಲಾದವು. 1960ರಲ್ಲಿ ಮಹಾರಾಷ್ಟ್ರ ರಾಜ್ಯವು ಉದಯಿಸಿತು. ವಾಡೆಗಳಿದ್ದ ಕಡೆ ಬಹುಮಹಡಿಯ ಕಟ್ಟಡಗಳು ನಿಂತಿವೆ. ಮಕ್ಕಳು ಪುಣೆ, ಮುಂಬಯಿಗಳಲ್ಲಿ ನೆಲೆಸಿದ್ದಾರೆ. ಕಿರಾಣಿ ಸಾಮಾನು ಮೊಬೈಲಿನಲ್ಲಿ ಬೆರಳಾಡಿಸಿದರೆ ಬಾಗಿಲಿಗೆ ಬರುತ್ತದೆ. ಇದರಲ್ಲಿ ದುಃಖಿಸಬೇಕಾದುದು ಬಹಳವಿಲ್ಲ. ಬದಲಾಗುವುದು ಜಗದ ಸ್ವಭಾವವು. ಆದರೆ ಸಂತೆಯ ದಾರಿಯು ತಪ್ಪಿದಾಗ ಅದರ ಸಂಗಡ ಮತ್ತಾವುದು ತಪ್ಪಿತೆಂಬುದನ್ನು ವಿಚಾರಿಸುವುದು ಭಕ್ತನ ಕರ್ತವ್ಯವಾಗಿದೆ.

ಶರಣರು ಸಂತೆಯನ್ನು ಹೀನವೆಂದು ಎಣಿಸಿದವರಲ್ಲ. ನುಲಿಯ ಚಂದಯ್ಯನ ಕಥೆಯು ಇದಕ್ಕೆ ನಿದರ್ಶನವು. ಚಂದಯ್ಯನು ಹುಲ್ಲನ್ನು ಕೊಯ್ದು, ಹಗ್ಗವನ್ನು ಹೊಸೆದು, ಮಾರಿ, ಬಂದುದರಿಂದ ಜಂಗಮದಾಸೋಹವನ್ನು ನಡೆಸುತ್ತಿದ್ದನು. ಒಂದು ದಿನ ಹುಲ್ಲು ಕೊಯ್ಯುವಾಗ ಇಷ್ಟಲಿಂಗವು ಜಾರಿ ಬಿದ್ದಿತು. ಜಂಗಮಸೇವೆಯ ಹೊತ್ತು ಮೀರುವುದೆಂದು ಚಂದಯ್ಯನು ನಿಲ್ಲದೆ ನಡೆದನು. ಲಿಂಗವೇ ಅವನ ಬೆನ್ನು ಹತ್ತಿತು. ಮಡಿವಾಳ ಮಾಚಯ್ಯನು ನಡುವೆ ಬಂದು ಸಮಾಧಾನಪಡಿಸಿದ ಮೇಲೆ, ಲಿಂಗವೂ ಹಗ್ಗವನ್ನು ಮಾರಿ ಬರಬೇಕೆಂಬ ಕರಾರಿನಿಂದ ಚಂದಯ್ಯನು ಅದನ್ನು ಸ್ವೀಕರಿಸಿದನೆಂದು ಕಥೆಯು ಹೇಳುವುದು. ದೇವರೇ ಹಗ್ಗದ ಹೊರೆಯನ್ನು ಹೊತ್ತು ಪೇಟೆಗೆ ಹೋದನು! ಪೇಟೆಗೆ ಹೋಗುವುದು ಕೀಳು ಕೆಲಸವಾಗಿದ್ದರೆ ಲಿಂಗಯ್ಯನು ಅದಕ್ಕೆ ಒಪ್ಪುತ್ತಿದ್ದನೆ?

ಆದರೆ ಪೇಟೆಗೆ ಹೋಗುವವನಿಗೆ ಒಂದು ಮಿತಿಯೂ ಬೇಕು. ಆಯ್ದಕ್ಕಿ ಮಾರಯ್ಯನು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವನು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದನು. ಸತಿ ಲಕ್ಕಮ್ಮನು ಹಿಗ್ಗಲಿಲ್ಲ. ಈ ಹೆಚ್ಚಿನ ಆಸೆಯು ಎಲ್ಲಿಂದ ಬಂದಿತೆಂದು ಕೇಳಿ, ಮಿಕ್ಕುದನ್ನು ಅಲ್ಲಿಯೇ ಸುರಿದು ಬರಲು ಹೇಳಿದಳು. ಚೀಲವು ತುಂಬಿದರೆ ವಾರವು ತುಂಬಿತೆಂದು ತಿಳಿಯುವವರು ಲಕ್ಕಮ್ಮನ ಈ ಮಾತನ್ನು ಸಂತೆಗೆ ಹೊರಡುವ ಮುನ್ನ ಒಮ್ಮೆ ನೆನೆಯುವುದು ಲೇಸು.

ಈಗ ಒಂದು ದೃಷ್ಟಾಂತ. ಪೇಟೆಯೊಂದರಲ್ಲಿ ವೃದ್ಧ ತಾಯಿಯೊಬ್ಬಳಿದ್ದಾಳೆ ಎಂದು ಭಾವಿಸಬಹುದು. ಅವಳ ಹಳೆಯ ಮನೆಯು ಬಿದ್ದು, ಆ ಜಾಗದಲ್ಲಿ ಎದ್ದ ಕಟ್ಟಡದ ಮೂರನೆಯ ಮಹಡಿಯಲ್ಲಿ ಒಬ್ಬಳೇ ವಾಸ. ದಿನಾಲು ಅಡಿಗೆಗೆ ಮೊದಲು ಒಂದು ಹಿಡಿ ಜೋಳವನ್ನು ಡಬ್ಬಿಯಲ್ಲಿ ತೆಗೆದಿಡುವಳು. ಸೋಮವಾರ ಬೆಳಿಗ್ಗೆ ಆ ಏಳು ಹಿಡಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ಗುಡಿಯ ದಾಸೋಹಕ್ಕೆ ಸುರಿಯುವಳು. ಹೋಗುವಾಗ ಗುಡಿಯ ಬಾಗಿಲಲ್ಲಿ ಕುಳಿತ ಹೂವಿನವಳಿಂದ ಒಂದು ಮೊಳ ಹೂವು, ನಾಲ್ಕು ಬಿಲ್ವಪತ್ರೆ. ಬರುವಾಗ ಅಂಗಡಿಯಲ್ಲಿ ಉಪ್ಪು, ಬೇಳೆ, ಕಡ್ಡಿಪೆಟ್ಟಿಗೆ. ಸಾಮಾನಿಗಿಂತ ಮಾತೇ ಹೆಚ್ಚು. ಅಂಗಡಿಯವನ ಮಗಳ ಬಾಣಂತನ, ಹೂವಿನವಳ ಮೊಣಕಾಲ ನೋವು, ಎಲ್ಲವನ್ನೂ ಕೇಳಿಯೇ ಮುಂದೆ ಹೆಜ್ಜೆಯಿಡುವಳು. ಪೂನಾದ ಮಗನು, “ಅವ್ವಾ, ಎಲ್ಲವನ್ನೂ ಮನೆಗೇ ತರಿಸಿಕೊಡುತ್ತೇನೆ, ಮೆಟ್ಟಿಲು ಇಳಿಯಬೇಡ” ಎಂದರೆ, “ಉಪ್ಪು ಮನೆಗೆ ಬಂದೀತು, ಮಗಾ, ಉಪ್ಪಿನವನ ಮನೆಯ ಸುದ್ದಿ ಬರುವುದಿಲ್ಲ” ಎನ್ನುವಳು.

ಒಂದು ಸೋಮವಾರ ಅವಳು ಬರಲಿಲ್ಲ. ಆಗ ಗುಡಿಯಲ್ಲಿ ಜೀರ್ಣೋದ್ಧಾರದ ಗಡಿಬಿಡಿ. ಮಂಡಳಿಯವರು ಕಲ್ಲಿನ ಲೆಕ್ಕದಲ್ಲಿದ್ದರು. ಅರ್ಚಕರು ಕಳಸದ ಮುಹೂರ್ತದ ಚಿಂತೆಯಲ್ಲಿದ್ದರು. ದಾಸೋಹದ ಪಾತ್ರೆಯಲ್ಲಿ ಏಳು ಹಿಡಿ ಜೋಳ ಕಡಿಮೆಯಾದುದನ್ನು ಯಾರೂ ಕಾಣಲಿಲ್ಲ. ಕಂಡವಳು ಹೂವಿನವಳೊಬ್ಬಳೇ. ತೆಗೆದಿಟ್ಟ ಒಂದು ಮೊಳ ಹೂವು ಬುಟ್ಟಿಯಲ್ಲಿಯೇ ಉಳಿದಿತ್ತು. ಅವಳ ಮನೆಮಾತು ತೆಲುಗು. ಅಡಕಲು ಕನ್ನಡದಲ್ಲಿ ವಿಳಾಸವನ್ನು ಕೇಳುತ್ತ, ನೋಯುವ ಮೊಣಕಾಲಿನಿಂದ ಮೂರು ಮಹಡಿಯನ್ನು ಹತ್ತಿ, ಬಾಗಿಲನ್ನು ತಟ್ಟಿದಳು. ಒಳಗೆ ತಾಯಿಯು ಎರಡು ದಿನದ ಜ್ವರದಿಂದ ಏಳಲಾರದೆ ಮಲಗಿದ್ದಳು. “ಅವ್ವಾ, ನೀನು ಸೋಮವಾರ ತಪ್ಪಿಸುವವಳಲ್ಲ, ಅದಕ್ಕಾಗಿ ಬಂದೆ” ಎಂದು ಹೂವಿನವಳು ಗಂಜಿಗೆ ನೀರಿಟ್ಟಳು.

ಆ ದಿನ ಆ ಪೇಟೆಯಲ್ಲಿ ಶಿವಪೂಜೆಯು ಎಲ್ಲಿ ನಡೆಯಿತು? ಗರ್ಭಗುಡಿಯಲ್ಲಿಯೋ, ಮೂರನೆಯ ಮಹಡಿಯಲ್ಲಿಯೋ?

ಇಂಥದೇ ಪ್ರಶ್ನೆಯನ್ನು ಅಲ್ಲಮಪ್ರಭುಗಳು ಸೊನ್ನಲಿಗೆಯಲ್ಲಿ ಎತ್ತಿದರು. ಕೆರೆ ಗುಡಿಗಳ ಕಾರ್ಯದಲ್ಲಿ ಮಗ್ನನಾಗಿದ್ದ ಸಿದ್ಧರಾಮನನ್ನು ಪ್ರಭುಗಳು ಮಣ್ಣು ಕಲ್ಲಿನ ಒಡ್ಡನೆಂದು ಕರೆದು ಕೆಣಕಿದರೆಂದು ಶೂನ್ಯಸಂಪಾದನೆಯು ವರ್ಣಿಸುವುದು. ಸಿದ್ಧರಾಮನು ಮೊದಲು ಕೋಪಗೊಂಡನು, ಬಳಿಕ ತಿಳಿದನು. ಪ್ರಭುಗಳ ಆಕ್ಷೇಪವು ಕೆರೆಯ ಮೇಲಿನದಲ್ಲ. ಕೆರೆಯ ನೀರು ಜೀವಿಗಳ ಬಾಯಾರಿಕೆಯನ್ನು ಇಂಗಿಸುವುದು. ಆದರೆ ಕಟ್ಟಿದೆನೆಂಬ ಹಮ್ಮು ಕಟ್ಟಿದವನನ್ನೇ ಕಟ್ಟಿಹಾಕುವುದು. ಕೈಯು ಹೊರಗೆ ಕಟ್ಟುತ್ತಿರುವಾಗ ಅರಿವು ಒಳಗೆ ಬೆಳೆಯಬೇಕೆಂಬುದೇ ಆ ಪ್ರಸಂಗದ ತಾತ್ಪರ್ಯವು.

ಜೀರ್ಣೋದ್ಧಾರವೆಂದರೆ ಜೀರ್ಣವಾದುದನ್ನು ಮೇಲೆತ್ತುವುದು. ಬಿರಿದ ಗೋಡೆಗೆ ಗಾರೆ ಬೇಕು. ಸೋರುವ ಮಾಳಿಗೆಗೆ ಹೊದಿಕೆ ಬೇಕು. ಅದಕ್ಕಾಗಿ ತನುಮನಧನಗಳನ್ನು ಸವೆಸಿದ ಭಕ್ತರ ಸೇವೆಯು ಸಾರ್ಥಕವು. ಆದರೆ ಪೇಟೆಯಲ್ಲಿ ಜೀರ್ಣವಾದುದು ಗೋಡೆಯೊಂದೇ ಅಲ್ಲ. ಬಾರದವರನ್ನು ‘ಏಕೆ ಬರಲಿಲ್ಲ’ ಎಂದು ಕೇಳುವ ನಾಲಗೆಯೂ ಜೀರ್ಣವಾಗಿದೆ. ನೆರೆಯವನ ಬಾಗಿಲನ್ನು ತಟ್ಟುವ ಕೈಯೂ ಜೀರ್ಣವಾಗಿದೆ. ಇವನ್ನು ಮೇಲೆತ್ತಲು ವಂತಿಗೆಯ ಪಾವತಿ ಪುಸ್ತಕವು ಬೇಡ. ವಾರಕ್ಕೊಂದು ದಿನ ಸಾಕು.

ಸಾಮಾನು ಬಾಗಿಲಿಗೆ ಬರಲಿ, ಚಿಂತೆಯಿಲ್ಲ. ಉಳಿದ ಆ ಒಂದು ತಾಸು ಯಾರಿಗೆ ಸಲ್ಲುವುದೆಂಬುದೇ ವಿಚಾರಣೀಯವು. ಅದು ನೆರೆಯವರ ಕ್ಷೇಮವನ್ನು ವಿಚಾರಿಸಲು ಸಂದರೆ ಹೊಸ ಕಾಲದಲ್ಲಿ ಹಳೆಯ ನೇಮವೇ ಉಳಿದಂತಾಯಿತು. ಕನ್ನಡದ ಮನೆಯವರು ಮರಾಠಿ ಮನೆಯ ಮೆಟ್ಟಿಲನ್ನು ಹತ್ತಲಿ. ತೆಲುಗಿನವರು, ಉರ್ದು ಮಾತಿನವರು ಕನ್ನಡದ ಮನೆಯ ಹೊಸ್ತಿಲನ್ನು ತುಳಿಯಲಿ. ಜ್ವರಕ್ಕೆ ಭಾಷೆಯಿಲ್ಲ, ಗಂಜಿಗೂ ಇಲ್ಲ. ಹೊಸ ಗುಡಿಯಲ್ಲಿ ಘಂಟೆಯು ಮೊಳಗಿದಾಗ ಭಕ್ತನು ಮೊದಲು ಲಿಂಗವನ್ನು ನೋಡಲಿ. ಆ ಮೇಲೆ ಒಮ್ಮೆ ಹಿಂದಿರುಗಿ, ಇಂದು ಯಾರು ಬಂದಿಲ್ಲವೆಂದೂ ನೋಡಲಿ.

ಇಂಥ ನೋಟವನ್ನು ಶ್ರೀ ಸಿದ್ಧರಾಮೇಶ್ವರನು ಸಕಲ ಸದ್ಭಕ್ತರಿಗೂ ಕರುಣಿಸಲಿ. ಶುಭವಾಗಲಿ. ಶರಣು ಶರಣಾರ್ಥಿ.