ದಾರಿ ಬಿಡುವ ಧರ್ಮ

ಧರ್ಮಾಧರ್ಮಗಳ ವಿಚಾರವೆಂದೊಡನೆ ನಮ್ಮ ಮನಸ್ಸು ದೊಡ್ಡ ಸಂದರ್ಭಗಳ ಕಡೆಗೆ ಓಡುತ್ತದೆ. ರಾಜ್ಯವನ್ನು ತೊರೆದವರು, ಪ್ರಾಣವನ್ನು ಒತ್ತೆಯಿಟ್ಟವರು, ಸತ್ಯಕ್ಕಾಗಿ ಸರ್ವಸ್ವವನ್ನೂ ಕಳೆದುಕೊಂಡವರು ಕಣ್ಣಮುಂದೆ ಬಂದು ನಿಲ್ಲುತ್ತಾರೆ. ಆದರೆ ಅಂತಹ ಸಂದರ್ಭವು ನಮ್ಮಲ್ಲಿ ಬಹುಮಂದಿಯ ಬಾಳಿನಲ್ಲಿ ಒಂದು ಸಲವೂ ಬರುವುದಿಲ್ಲ. ದಿನದಿನವೂ ಬರುವುದು ಚಿಕ್ಕ ಸಂದರ್ಭ. ಗುರುತಿಲ್ಲದ ಇಬ್ಬರು ಒಂದೇ ದಾರಿಯಲ್ಲಿ ಎದುರಾಗುವುದು, ಇಲ್ಲವೆ ಒಬ್ಬನು ಇನ್ನೊಬ್ಬನನ್ನು ದಾಟಿಕೊಂಡು ಮುಂದೆ ಹೋಗಬೇಕಾಗುವುದು. ಅಲ್ಲಿ ಸಾಕ್ಷಿಗಳಿಲ್ಲ, ಹೊಗಳುವವರಿಲ್ಲ, ನಾಳೆ ಮತ್ತೆ ಮುಖ ನೋಡಬೇಕಲ್ಲಾ ಎಂಬ ಸಂಕೋಚವೂ ಇಲ್ಲ. ಇಂತಹ ಸ್ಥಳದಲ್ಲಿ ಮನುಷ್ಯನು ನಡೆದುಕೊಳ್ಳುವ ಬಗೆಯಿಂದಲೇ ಅವನ ಧರ್ಮಬುದ್ಧಿಯ ಅಳತೆ ಸಿಕ್ಕುತ್ತದೆಂದು ಹೇಳಿದರೆ ಅತಿಶಯೋಕ್ತಿಯಾಗಲಾರದು. ಈ ಲೇಖನದಲ್ಲಿ ವಿಚಾರಮಾಡಬೇಕೆಂದಿರುವ ಪ್ರಶ್ನೆ ಇದು: ಎಲ್ಲರಿಗೂ ಸೇರಿದ ದಾರಿಯಲ್ಲಿ ವೇಗವಾಗಿ ಹೋಗುವವನು ನಿಧಾನವಾಗಿ ಹೋಗುವವನಿಗೆ ಏನನ್ನು ಸಲ್ಲಿಸಬೇಕು? ಕಷ್ಟದ ದಿನಗಳಲ್ಲಿ ಆ ದಾರಿಯನ್ನು ಬಿಡದೆ ಬಳಸಿದವನಿಗೆ ಸುಖದ ದಿನಗಳಲ್ಲಿ ಅದರ ಮೇಲೆ ಹೆಚ್ಚಿನ ಹಕ್ಕು ಹುಟ್ಟುತ್ತದೆಯೆ?

ಪ್ರಶ್ನೆಯನ್ನು ಬರಿಯ ಮಾತಿನಲ್ಲಿ ತೂಗುವುದಕ್ಕಿಂತ ಒಂದು ಊರನ್ನು ಕಣ್ಣಮುಂದಿಟ್ಟುಕೊಂಡು ತೂಗುವುದು ಲೇಸು. ಕೆನಡಾ ದೇಶದ ಆಲ್ಬರ್ಟಾ ಪ್ರಾಂತದಲ್ಲಿ ಕ್ಯಾಲ್ಗರಿ ಎಂಬ ನಗರವಿದೆ. 2021ರ ಜನಗಣತಿಯಂತೆ ಅಲ್ಲಿಯ ಜನಸಂಖ್ಯೆ 13 ಲಕ್ಷಕ್ಕೆ ಮೇಲ್ಪಟ್ಟಿತ್ತು. ರಾಕಿ ಪರ್ವತಗಳ ಕಡೆಯಿಂದ ಹರಿದುಬರುವ ಬೋ ನದಿಯು ಊರೊಳಗೇ ಎಲ್ಬೋ ನದಿಯನ್ನು ಕೂಡಿಕೊಂಡು ಮುಂದೆ ಸಾಗುತ್ತದೆ. ಈ ನದಿಗಳ ದಡದಲ್ಲಿಯೂ ಉದ್ಯಾನಗಳ ಮಗ್ಗುಲಲ್ಲಿಯೂ ಸುಮಾರು 1000 ಕಿಲೋಮೀಟರುಗಳಷ್ಟು ದಾರಿಗಳ ಜಾಲವನ್ನು ನಗರಸಭೆಯವರು ಹಬ್ಬಿಸಿದ್ದಾರೆ. ಮೋಟಾರುಕಾರುಗಳಿಗೆ ಅಲ್ಲಿ ಪ್ರವೇಶವಿಲ್ಲ. ನಡೆಯುವವರು, ಓಡುವವರು, ಕೂಸಿನ ತಳ್ಳುಗಾಡಿಯನ್ನು ಹಿಡಿದ ತಾಯಂದಿರು, ನಾಯಿಯನ್ನು ಕರೆತಂದವರು, ಗಾಲಿಕುರ್ಚಿಯಲ್ಲಿ ಕುಳಿತವರು, ಬೈಸಿಕಲ್ಲಿನ ಮೇಲೆ ಕಚೇರಿಗೆ ಹೋಗುವವರು, ಇವರೆಲ್ಲರಿಗೂ ಅದು ಒಂದೇ ದಾರಿ. 2019ರಿಂದ ಈಚೆಗೆ ಬಾಡಿಗೆಯ ವಿದ್ಯುತ್ ಸ್ಕೂಟರುಗಳೂ ಈ ಗುಂಪಿಗೆ ಸೇರಿವೆ. ಬಲಗಡೆಗೆ ಸರಿದು ಹೋಗಬೇಕು, ಬೇರೆ ಸೂಚನೆಯಿಲ್ಲದ ಕಡೆ ತಾಸಿಗೆ 20 ಕಿಲೋಮೀಟರನ್ನು ಮೀರಬಾರದು, ಬೈಸಿಕಲ್ಲಿಗೆ ಗಂಟೆಯಿರಬೇಕು, ಮುಂದಿನವರನ್ನು ದಾಟುವಾಗ ಅದನ್ನು ಬಾರಿಸಿ ತಿಳಿಸಬೇಕು. ನಿಯಮಗಳು ಬಹುಮಟ್ಟಿಗೆ ಇಷ್ಟೇ. ಅವು ನಡೆಯುತ್ತಿವೆಯೇ ಎಂದು ನೋಡುವುದಕ್ಕೆ ಸಾವಿರ ಕಿಲೋಮೀಟರಿನ ಉದ್ದಕ್ಕೂ ಪೊಲೀಸಿನವರನ್ನು ನಿಲ್ಲಿಸಲು ಯಾವ ನಗರಕ್ಕೂ ಸಾಧ್ಯವಿಲ್ಲ. ಆದುದರಿಂದ ಆ ದಾರಿಯ ಆಡಳಿತವು ಅಲ್ಲಿ ಹೋಗುವವರ ಅಂತಃಕರಣಕ್ಕೇ ಬಿಟ್ಟಂತಾಗಿದೆ.

ವರ್ಷದ ಹೆಚ್ಚು ಕಾಲ ಈ ಆಡಳಿತವು ಹೇಗೋ ನಡೆದುಹೋಗುತ್ತದೆ. ಚಳಿಗಾಲದಲ್ಲಿ ಜನ ವಿರಳ. ಬೇಸಗೆಯಲ್ಲಿ ಜನ ದಟ್ಟವಾಗಿರುವುದರಿಂದ ಎಲ್ಲರೂ ಎಚ್ಚರವಾಗಿರುತ್ತಾರೆ. ಪರೀಕ್ಷೆಯ ಕಾಲವೆಂದರೆ ವಸಂತದ ಮೊದಲ ದಿನಗಳು. ನಮ್ಮಲ್ಲಿ ಯುಗಾದಿಯ ಹೊತ್ತಿಗೆ ಮಾವು ಚಿಗುರಿ, ಬೇವು ಹೂವಿಟ್ಟು, ಬಿಸಿಲು ಏರಿರುತ್ತದೆ. ಆ ಊರಿನಲ್ಲಿ ಅದೇ ಹೊತ್ತಿಗೆ ಹಿಮ ಕರಗಲು ತೊಡಗುತ್ತದೆ. ಪರ್ವತಗಳನ್ನು ಇಳಿದು ಬರುವ ಚಿನೂಕ್ ಎಂಬ ಒಣ ಬೆಚ್ಚನೆಯ ಗಾಳಿಯು ಕೆಲವೇ ತಾಸುಗಳಲ್ಲಿ ಹವೆಯನ್ನು ಹತ್ತಿಪ್ಪತ್ತು ಡಿಗ್ರಿಗಳಷ್ಟು ಮೇಲಕ್ಕೇರಿಸಬಲ್ಲದು. ಹಗಲಿನಲ್ಲಿ ಕರಗಿದ ನೀರು ದಾರಿಯ ಮೇಲೆ ಹರಿದು ರಾತ್ರಿ ಹೆಪ್ಪುಗಟ್ಟುತ್ತದೆ. ಬೆಳಗ್ಗೆ ಕಚೇರಿಗೆ ಹೊರಟವನ ಚಕ್ರದ ಕೆಳಗೆ ಕಣ್ಣಿಗೆ ಕಾಣದ ಗಾಜಿನಂತಹ ಪದರವಿರುತ್ತದೆ. ಸಂಜೆ ಹಿಂದಿರುಗುವಾಗ ಅಲ್ಲಿಯೇ ಕೆಸರು. ಜಾರದಿರಲೆಂದು ಚಳಿಗಾಲದಲ್ಲಿ ಚೆಲ್ಲಿದ ಸಣ್ಣ ಜಲ್ಲಿಯನ್ನು ಇನ್ನೂ ಗುಡಿಸಿರುವುದಿಲ್ಲವಾದ್ದರಿಂದ ತಿರುವುಗಳಲ್ಲಿ ಅದು ಬೇರೆ. ಇಂತಹ ದಾರಿಗೆ, ಒಂದು ದಿನ ಬಿಸಿಲು ಚೆನ್ನಾಗಿ ಬಿದ್ದೊಡನೆ, ನಾಲ್ಕೈದು ತಿಂಗಳು ಮನೆಯೊಳಗಿದ್ದ ಜನರೆಲ್ಲ ಒಮ್ಮೆಲೇ ಬರುತ್ತಾರೆ. ಮುದುಕರು ಕೋಲೂರಿಕೊಂಡು ಬರುತ್ತಾರೆ. ಮಕ್ಕಳು ಹೊಸದಾಗಿ ಕಲಿತ ಬೈಸಿಕಲ್ಲಿನ ಮೇಲೆ ತೂರಾಡುತ್ತ ಬರುತ್ತಾರೆ. ದಾರಿಯ ನಡತೆಯನ್ನು ಎಲ್ಲರೂ ಅಷ್ಟಿಷ್ಟು ಮರೆತಿರುತ್ತಾರೆ. ಬಿಸಿಲಿನ ಸಂತೋಷದಲ್ಲಿ ಹಿಂದೆ ಯಾರಿದ್ದಾರೆಂಬುದನ್ನು ನೋಡುವ ಗೋಜಿಗೆ ಯಾರೂ ಹೋಗುವುದಿಲ್ಲ.

ಈಗ ಚಳಿಗಾಲವೆಲ್ಲ ಬಿಡದೆ ಬೈಸಿಕಲ್ಲಿನಲ್ಲಿಯೇ ಹೋಗಿಬಂದವನ ಮನಸ್ಸನ್ನು ನೋಡೋಣ. ಅವನ ಪಕ್ಷವನ್ನು ಹಗುರವಾಗಿ ತಳ್ಳಿಹಾಕಬಾರದು. ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗಿನ ಚಳಿಯಲ್ಲಿ, ಕತ್ತಲೆಯಲ್ಲಿ, ದೀಪ ಹೊತ್ತಿಸಿಕೊಂಡು ಅವನು ಹೋಗಿದ್ದಾನೆ. ಹೊಗೆಯುಗುಳುವ ಕಾರೊಂದನ್ನು ಬೀದಿಯಿಂದ ಕಡಮೆಮಾಡಿದ್ದಾನೆ. ಇಂದು ಅವನು ಮೂರು ವಾದಗಳನ್ನು ಮುಂದಿಡಬಹುದು. ಒಂದು, ತನ್ನದು ಅಗತ್ಯದ ಪ್ರಯಾಣ, ಉಳಿದವರದು ವಿಹಾರ. ಹೊಟ್ಟೆಪಾಡಿಗೆ ಹೋಗುವವನಿಗೆ ಗಾಳಿಸೇವನೆಗೆ ಬಂದವನು ದಾರಿ ಬಿಡಬೇಕು. ಎರಡು, ಯಾರೂ ಇಲ್ಲದ ದಿನಗಳಲ್ಲಿ ದಾರಿಯನ್ನು ಜೀವಂತವಾಗಿ ಇಟ್ಟವನು ತಾನು. ಬಿಸಿಲು ಬಂದಾಗ ಬಂದವರು ಅತಿಥಿಗಳು. ಮೂರು, ತಾನು ನುರಿತವನು. ಇನ್ನೊಬ್ಬರನ್ನು ಗೇಣು ದೂರದಿಂದ ದಾಟಿದರೂ ಅಪಾಯವಾಗದಂತೆ ನಡೆಸಬಲ್ಲನು.

ದಾರಿ ಬಿಡುವ ಪ್ರಶ್ನೆಯು ಹೊಸದಲ್ಲ. ಮನುಸ್ಮೃತಿಯ ಎರಡನೆಯ ಅಧ್ಯಾಯದಲ್ಲಿ ಯಾರು ಯಾರಿಗೆ ದಾರಿ ಬಿಡಬೇಕೆಂಬ ಪಟ್ಟಿಯೊಂದಿದೆ. ಚಕ್ರವುಳ್ಳ ವಾಹನದಲ್ಲಿರುವವನು, ತೊಂಬತ್ತು ದಾಟಿದ ಮುದುಕ, ರೋಗಿ, ಹೊರೆ ಹೊತ್ತವನು, ಹೆಂಗಸು, ವಿದ್ಯೆ ಮುಗಿಸಿದ ಸ್ನಾತಕ, ರಾಜ, ಮದುವೆಗೆ ಹೊರಟ ವರ, ಇವರು ಆ ಪಟ್ಟಿಯಲ್ಲಿರುವವರು. ಚಕ್ರವುಳ್ಳವನೇ ಮೊದಲಿಗನೆಂಬುದನ್ನು ಕಂಡು ನಮ್ಮ ಬೈಸಿಕಲ್ಲಿನ ಮಿತ್ರನು ಹಿಗ್ಗಬಹುದು. ಆದರೆ ಪಟ್ಟಿಯನ್ನು ಪರಿಶೀಲಿಸಿ ನೋಡಿದರೆ ಅದರಲ್ಲಿ ಎರಡು ಬಗೆಯ ಕಾರಣಗಳು ಬೆರೆತಿರುವಂತೆ ತೋರುತ್ತದೆ. ರಾಜನಿಗೂ ಸ್ನಾತಕನಿಗೂ ದಾರಿ ಬಿಡುವುದು ಗೌರವಕ್ಕಾಗಿ. ಮುದುಕ, ರೋಗಿ, ಹೊರೆಯಾಳು, ಇವರಿಗೆ ದಾರಿ ಬಿಡುವುದು ಅವರು ಸರಿದುಕೊಳ್ಳಲಾರರೆಂಬ ಕಾರಣಕ್ಕಾಗಿ. ಕುದುರೆ ಕಟ್ಟಿದ ರಥವೂ ಈ ಎರಡನೆಯ ಸಾಲಿಗೇ ಸೇರಿದುದೆಂದು ಎಣಿಸಬಹುದು. ಇಕ್ಕಟ್ಟಿನ ದಾರಿಯಲ್ಲಿ ಅದನ್ನು ಹಿಂದಕ್ಕೆ ತಿರುಗಿಸುವುದು ಸುಲಭವಲ್ಲ. ನಮ್ಮ ಕಾಲವು ಹುಟ್ಟು ಪದವಿಗಳಿಂದ ಬರುವ ದಾರಿಯ ಹಕ್ಕನ್ನು ಒಪ್ಪುವುದಿಲ್ಲ, ಒಪ್ಪಬೇಕಾದುದೂ ಇಲ್ಲ. ಉಳಿಯುವುದು ಎರಡನೆಯ ಕಾರಣ: ಸುಲಭವಾಗಿ ಸರಿಯಬಲ್ಲವನು, ಸರಿಯಲಾರದವನಿಗೆ ದಾರಿ ಬಿಡಬೇಕು. ಈ ಕಾರಣವನ್ನು ಹಿಡಿದು ನೋಡಿದರೆ, ಒಂದು ಕೈಯಿಂದ ತಡೆಯಬಹುದಾದ, ಬೇಕಾದರೆ ಇಳಿದು ತಳ್ಳಿಕೊಂಡೂ ಹೋಗಬಹುದಾದ ಬೈಸಿಕಲ್ಲು ಪಟ್ಟಿಯ ಮೊದಲಿನಿಂದ ಇಳಿದು ಕೊನೆಗೆ ಬರುತ್ತದೆ.

ಮಹಾಭಾರತದ ಆದಿಪರ್ವದಲ್ಲಿ ಬರುವ ಕಲ್ಮಾಷಪಾದನ ಕಥೆಯು ವಾಚಕರಿಗೆ ತಿಳಿದೇ ಇದೆ. ಬೇಟೆಯಾಡಿ ಹಸಿದು ಬಾಯಾರಿದ ರಾಜನಿಗೆ, ಒಬ್ಬನೇ ಹೋಗಬಹುದಾದ ಕಿರುದಾರಿಯಲ್ಲಿ ವಸಿಷ್ಠರ ಮಗ ಶಕ್ತಿಯು ಎದುರಾದನು. ಇಬ್ಬರ ಬಳಿಯಲ್ಲಿಯೂ ಹಕ್ಕಿನ ವಾದವಿತ್ತು. ರಾಜನು ಚಾವಟಿಯಿಂದ ಹೊಡೆದನು. ಶಕ್ತಿಯು ರಾಕ್ಷಸನಾಗೆಂದು ಶಪಿಸಿದನು. ರಾಕ್ಷಸನಾದ ರಾಜನಿಗೆ ಮೊದಲನೆಯ ಆಹಾರವಾದವನು ಆ ಶಕ್ತಿಯೇ. ಅದೇ ಗ್ರಂಥದ ವನಪರ್ವದಲ್ಲಿ ಅಷ್ಟಾವಕ್ರನ ಕಥೆಯಿದೆ. ಅಲ್ಲಿ ದಾರಿಯ ಪ್ರಶ್ನೆಯೇ ಬಂದಾಗ ಜನಕರಾಜನು ಮೈ ಡೊಂಕಾದ ಬಾಲಕನಿಗೆ ತಾನೇ ದಾರಿ ಬಿಟ್ಟನು. ಅಷ್ಟಾವಕ್ರನು ಅಲ್ಲಿ ಕೇಳಿದ್ದು ಜಾತಿಯ ಹಿರಿಮೆಯ ಮೇಲೆ ಎಂಬುದನ್ನು ಮರೆಮಾಚಬೇಕಾಗಿಲ್ಲ. ಆ ವಾದ ಇಂದು ನಮಗೆ ಬೇಡ. ನಾವು ನೋಡಬೇಕಾದುದು ಬಿಟ್ಟವನ ಕಡೆಗೆ. ದಾರಿ ಬಿಟ್ಟುದರಿಂದ ಜನಕನ ರಾಜ್ಯವೇನೂ ಕುಗ್ಗಲಿಲ್ಲ. ಕಲ್ಮಾಷಪಾದನ ವಾದವು ಹುಸಿಯಾಗಿತ್ತೆಂದು ಹೇಳುವಂತಿಲ್ಲ. ಹಸಿವೂ ಆತುರವೂ ಅವನ ವಾದಕ್ಕೆ ಚಾವಟಿಯನ್ನು ಕೊಟ್ಟವು.

ಈಗ ಮೂರು ವಾದಗಳಿಗೆ ಬರೋಣ. ಅಗತ್ಯದ ವಾದದಲ್ಲಿ ಸ್ವಲ್ಪ ಹುರುಳಿದೆ. ಕಚೇರಿಗೆ ಹೊತ್ತಾದರೆ ಸಂಬಳಕ್ಕೆ ಸಂಚಕಾರ ಬರಬಹುದು. ಆದರೆ ಆತುರವೆಂಬುದು ಹೊರಟವನು ತಾನೇ ತಿದ್ದಿಕೊಳ್ಳಬಹುದಾದ ವಿಷಯ; ಹತ್ತು ನಿಮಿಷ ಮುಂಚೆ ಹೊರಟರೆ ಅದು ತೀರುತ್ತದೆ. ಮುದುಕನ ಮಂಡಿನೋವು ಹತ್ತು ನಿಮಿಷ ಮುಂಚೆ ಹೊರಟರೆ ತೀರುವಂತಹುದಲ್ಲ. ಅಲ್ಲದೆ ನಡೆಯುವವನದು ಬರಿಯ ವಿಹಾರವೆಂದು ತೀರ್ಮಾನಿಸಲು ನಾವು ಯಾರು? ಹೃದಯದ ಬೇನೆಯವನಿಗೆ ವೈದ್ಯರು ನಡಿಗೆಯನ್ನೇ ಔಷಧವಾಗಿ ಹೇಳಿರಬಹುದು. ಬೆನ್ನನ್ನು ಮಾತ್ರ ಕಂಡು ಅವನ ಅಗತ್ಯವನ್ನು ಅಳೆಯಲಾಗದು.

ಎರಡನೆಯ ವಾದವು ಹೆಚ್ಚು ಆಳವಾದುದು. ಅದು ಆ ದಾರಿಯೊಂದಕ್ಕೇ ಸೇರಿದುದೂ ಅಲ್ಲ. ಬರಗಾಲದಲ್ಲಿ ಹೊಲವನ್ನು ಬಿಡದೆ ಉತ್ತ ಅಣ್ಣನು, ಪಟ್ಟಣಕ್ಕೆ ಹೋಗಿ ಮಳೆಗಾಲಕ್ಕೆ ಹಿಂದಿರುಗಿದ ತಮ್ಮನನ್ನು ನೋಡಿ ಹೀಗೆಯೇ ನೆನೆಯುತ್ತಾನೆ. ಸಂಘವು ಕ್ಷೀಣವಾಗಿದ್ದಾಗ ಚಂದಾ ಎತ್ತಿ ನಡೆಸಿದವನು, ಅದು ಬೆಳೆದ ಮೇಲೆ ಬಂದ ಸದಸ್ಯರನ್ನು ಕಂಡು ಹೀಗೆಯೇ ನೆನೆಯುತ್ತಾನೆ. ಅವರಿಗೆ ಕೃತಜ್ಞತೆ ಸಲ್ಲಬೇಕೆಂಬುದು ನಿರ್ವಿವಾದ. ಆದರೆ ಕೃತಜ್ಞತೆಯು ಇತರರು ಕೊಡತಕ್ಕದ್ದು. ತಾನೇ ಕೈಯಿಕ್ಕಿ ತೆಗೆದುಕೊಂಡರೆ ಅದು ಸುಂಕವಾಗುತ್ತದೆ. ಕ್ಯಾಲ್ಗರಿಯ ದಾರಿಯ ಮಟ್ಟಿಗಂತೂ ಇನ್ನೊಂದು ಮಾತಿದೆ. ಆ ಸವಾರನು ಚಳಿಗಾಲದಲ್ಲಿ ಹೋಗಿಬರಲು ಸಾಧ್ಯವಾದದ್ದು ಮುಖ್ಯ ದಾರಿಗಳ ಹಿಮವನ್ನು ನಗರಸಭೆಯವರು ತೆಗೆಸಿದ್ದರಿಂದ. ಆ ಖರ್ಚು ಊರಿನವರೆಲ್ಲರ ತೆರಿಗೆಯಿಂದ ಬಂದುದು. ಜಾರಿ ಬಿದ್ದೇನೆಂಬ ಹೆದರಿಕೆಯಿಂದ ತಿಂಗಳುಗಟ್ಟಲೆ ಕಿಟಕಿಯ ಬಳಿ ಕುಳಿತಿದ್ದ ಮುದುಕಿಯೂ ಅದಕ್ಕೆ ಹಣ ಕೊಟ್ಟಿದ್ದಾಳೆ. ತಾನು ಬಳಸದ ದಾರಿಗೆ ಅವಳು ಚಳಿಗಾಲವೆಲ್ಲ ಹಣ ತೆತ್ತಳು. ವಸಂತದಲ್ಲಿ ಅವಳು ಬಂದಾಗ ಅವಳನ್ನು ಅತಿಥಿಯೆಂದು ಕರೆಯುವುದು ಯಾವ ನ್ಯಾಯ? ಕಷ್ಟಸಹಿಷ್ಣುತೆಯು ಮನುಷ್ಯನಿಗೆ ಬಲವನ್ನೂ ನೈಪುಣ್ಯವನ್ನೂ ಕೊಡುತ್ತದೆ, ಒಡೆತನವನ್ನು ಕೊಡುವುದಿಲ್ಲ.

ಮೂರನೆಯದು ನೈಪುಣ್ಯದ ವಾದ. ಇದಕ್ಕೆ ಉತ್ತರವನ್ನು ಲೆಕ್ಕವೇ ಕೊಡುತ್ತದೆ. ತಾಸಿಗೆ 20 ಕಿಲೋಮೀಟರಿನಂತೆ ಹೋಗುವವನು ಒಂದು ಸೆಕೆಂಡಿಗೆ ಐದೂವರೆ ಮೀಟರಿಗಿಂತ ಹೆಚ್ಚು ದೂರ ಹೋಗಿರುತ್ತಾನೆ. ಕೈಯು ಬಿರಿಯನ್ನು ಒತ್ತುವುದರೊಳಗೆ ಅಷ್ಟು ನೆಲ ಕಳೆದಿರುತ್ತದೆ. ವೇಗವು ಎರಡರಷ್ಟಾದರೆ ಡಿಕ್ಕಿಯ ಶಕ್ತಿಯು ನಾಲ್ಕರಷ್ಟಾಗುತ್ತದೆ. ಮಂಜುಗಡ್ಡೆಯ ಮೇಲೂ ಬಿಡಿ ಜಲ್ಲಿಯ ಮೇಲೂ ಬಿರಿಯು ಹಿಡಿಯುವುದು ಸವಾರನ ನೈಪುಣ್ಯದಿಂದ ಅಲ್ಲ, ನೆಲದ ಹಿಡಿತದಿಂದ. ಇಷ್ಟಾಗಿ ಅವನು ಯಾರನ್ನೂ ತಾಗದೆ ದಾಟಿಯೇಬಿಟ್ಟನೆಂದು ಇಟ್ಟುಕೊಳ್ಳೋಣ. ಅಪಾಯವಾಗಲಿಲ್ಲವೆಂದು ಅವನು ತಿಳಿದಿದ್ದಾನೆ. ಆದರೆ ಬೆನ್ನ ಹಿಂದಿನಿಂದ ಸುಯ್ಯೆಂದು ಏನೋ ಹಾದುಹೋದಾಗ ಮುದುಕನ ಎದೆ ಹಾರಿದ್ದು ಅವನಿಗೆ ಕಾಣಿಸುವುದಿಲ್ಲ. ಅಷ್ಟು ಹೊತ್ತಿಗೆ ಅವನು ಬಹು ದೂರ ಹೋಗಿರುತ್ತಾನೆ. ಮರುದಿನ ಆ ಮುದುಕನು ಹೊರಗೆ ಬಾರದಿರಬಹುದು. ಬಿದ್ದು ಮೂಳೆ ಮುರಿದವರನ್ನು ಆಸ್ಪತ್ರೆಯವರು ಎಣಿಸುತ್ತಾರೆ. ಹೆದರಿ ಮನೆಯಲ್ಲಿಯೇ ಉಳಿದವರನ್ನು ಯಾರೂ ಎಣಿಸುವುದಿಲ್ಲ. ದಾರಿಯು ಎಲ್ಲರದೂ ಎಂದು ಫಲಕದ ಮೇಲೆ ಬರೆದಿದ್ದರೂ, ಹೀಗೆ ಒಬ್ಬೊಬ್ಬರಾಗಿ ಬಿಟ್ಟುಹೋದರೆ ಅದು ಬಲಶಾಲಿಗಳದಾಗುತ್ತದೆ. ನನ್ನ ಅಭಿಪ್ರಾಯದಲ್ಲಿ ಈ ಪ್ರಶ್ನೆಯಲ್ಲಿರುವ ನಿಜವಾದ ನಷ್ಟವು ಇದು.

ಹಾಗೆಂದು ನಡೆಯುವವರಿಗೆ ಕರ್ತವ್ಯವೇ ಇಲ್ಲವೆಂದು ಅರ್ಥವಲ್ಲ. ನಾಲ್ವರು ಸಾಲಾಗಿ ದಾರಿಯ ಅಗಲವನ್ನೆಲ್ಲ ತುಂಬಿಕೊಂಡು ಹೋಗುವುದು, ನಾಯಿಯ ಹಗ್ಗವನ್ನು ಉದ್ದಕ್ಕೆ ಬಿಟ್ಟು ಚಕ್ರಕ್ಕೆ ಸಿಕ್ಕುವಂತೆ ಮಾಡುವುದು, ಎರಡು ಕಿವಿಗಳಿಗೂ ಸಂಗೀತವನ್ನು ತುರುಕಿಕೊಂಡು ಯಾವ ಶಬ್ದವನ್ನೂ ಕೇಳದಿರುವುದು, ಇವೂ ಅಧರ್ಮವೇ. ನಡೆಯುವವನ ತಪ್ಪಿನಿಂದ ಸವಾರನು ಬಿದ್ದು ತಲೆಯೊಡೆದುಕೊಳ್ಳುವುದೂ ಉಂಟು. ಕರ್ತವ್ಯವು ಇಬ್ಬರಿಗೂ ಇದೆ. ಆದರೆ ಇಬ್ಬರಿಗೂ ಸಮವಾಗಿಲ್ಲ. ಹಿಂದಿನಿಂದ ಬರುವವನಿಗೆ ಮುಂದಿನವನು ಕಾಣುತ್ತಾನೆ, ಮುಂದಿನವನಿಗೆ ಹಿಂದಿನವನು ಕಾಣುವುದಿಲ್ಲ. ಕಾಣುವವನ ಮೇಲೆ ಹೊರೆಯು ಹೆಚ್ಚು.

ಗಂಟೆಯ ವಿಚಾರವನ್ನು ಈ ಬೆಳಕಿನಲ್ಲಿ ನೋಡಬೇಕು. ನಮ್ಮ ಮೈಸೂರಿನಲ್ಲಿ 2017ರಲ್ಲಿ ಸಾರ್ವಜನಿಕರಿಗೆ ಬಾಡಿಗೆಯ ಬೈಸಿಕಲ್ಲುಗಳನ್ನು ಒದಗಿಸುವ ಏರ್ಪಾಡು ಆರಂಭವಾದಾಗ ಅದಕ್ಕೆ ‘ಟ್ರಿಣ್ ಟ್ರಿಣ್’ ಎಂದೇ ಹೆಸರಿಟ್ಟರು. ಬೈಸಿಕಲ್ಲಿಗೆ ಒಂದು ನುಡಿಯಿದ್ದರೆ ಅದು ಇದೇ ಎಂಬುದು ಎಲ್ಲರಿಗೂ ಗೊತ್ತು. ಆ ನುಡಿಯ ಅರ್ಥವು ಮಾತ್ರ ಬಾರಿಸುವವನ ಮನಸ್ಸನ್ನು ಅವಲಂಬಿಸಿದೆ. ‘ನಾನು ಬರುತ್ತಿದ್ದೇನೆ, ಗಾಬರಿಯಾಗಬೇಡಿ’ ಎಂದು ದೂರದಿಂದ ಹೇಳಿದರೆ ಅದು ಸೌಜನ್ಯ. ‘ಸರಿದುಕೋ’ ಎಂದು ಬೆನ್ನಿಗೆ ಹತ್ತಿ ಹೇಳಿದರೆ ಅದು ಅಪ್ಪಣೆ. ಮೊದಲನೆಯವನು ಗಂಟೆ ಬಾರಿಸಿದ ಮೇಲೂ ವೇಗವನ್ನು ತಗ್ಗಿಸಿ, ಮುಂದಿನವನು ಕೇಳಿಸಿಕೊಂಡನೇ ಎಂದು ನೋಡುತ್ತಾನೆ. ಕಿವುಡನಿಗೆ ಯಾವ ಗಂಟೆಯೂ ಕೇಳಿಸದು, ಮಗುವು ಗಂಟೆಯನ್ನು ಕೇಳಿ ಸರಿಯುವ ಬದಲು ಅಡ್ಡಬರಬಹುದು ಎಂಬುದು ಅವನಿಗೆ ಗೊತ್ತಿದೆ. ಎರಡನೆಯವನು ಗಂಟೆ ಬಾರಿಸಿದೊಡನೆ ತನ್ನ ಕರ್ತವ್ಯವು ಮುಗಿಯಿತೆಂದು ತಿಳಿಯುತ್ತಾನೆ. ಕಾನೂನು ಇಬ್ಬರನ್ನೂ ಒಂದೇ ಎಂದು ಎಣಿಸುತ್ತದೆ. ತಾಸಿಗೆ 20 ಕಿಲೋಮೀಟರೆಂಬ ಮಿತಿಯೂ ಹೀಗೆಯೇ. ಅದು ಮೀರಬಾರದ ಗೆರೆಯೇ ಹೊರತು ಮುಟ್ಟಲೇಬೇಕಾದ ಗೆರೆಯಲ್ಲ. ಕೂಸೊಂದು ದಾರಿಯಲ್ಲಿ ಹೆಜ್ಜೆ ಕಲಿಯುತ್ತಿರುವಾಗ ನಡಿಗೆಯ ವೇಗವೂ ಹೆಚ್ಚಾಗಬಹುದು.

ಕೆಲವರು ಇದಕ್ಕೆಲ್ಲ ಒಂದೇ ಪರಿಹಾರವನ್ನು ಹೇಳುತ್ತಾರೆ: ಚಕ್ರಗಳಿಗೊಂದು ದಾರಿ, ಕಾಲುಗಳಿಗೊಂದು ದಾರಿ. ಬೋ ನದಿಯ ಮೇಲೆ 2012ರಲ್ಲಿ ತೆರೆದ ಶಾಂತಿ ಸೇತುವೆಯಲ್ಲಿ ಹೀಗೆಯೇ ಮಾಡಿದ್ದಾರೆ. ಸಾಂತಿಯಾಗೊ ಕಲತ್ರಾವಾ ಎಂಬ ಶಿಲ್ಪಿಯು ರಚಿಸಿದ ಆ ಕೆಂಪು ಸೇತುವೆಯಲ್ಲಿ ನಡುವೆ ಬೈಸಿಕಲ್ಲುಗಳಿಗೆ ಸ್ಥಳ, ಎರಡು ಮಗ್ಗುಲಲ್ಲಿ ನಡೆಯುವವರಿಗೆ ಸ್ಥಳ. ಜನಸಂದಣಿಯಿರುವ ಕಡೆ ಇದು ವಿವೇಕದ ಏರ್ಪಾಡು; ಸದ್ಗುಣವನ್ನೇ ನಂಬಿ ಕುಳಿತುಕೊಳ್ಳುವುದಕ್ಕಿಂತ ಒಳ್ಳೆಯ ಕಟ್ಟಡವನ್ನು ಕಟ್ಟುವುದು ಮೇಲು. ಆದರೆ ಸಾವಿರ ಕಿಲೋಮೀಟರಿನ ಉದ್ದಕ್ಕೂ ಎರಡೆರಡು ದಾರಿ ಮಾಡಲು ಹಣವೂ ಬೇಕು, ನದಿಯ ದಡದಲ್ಲಿ ಎಡೆಯೂ ಬೇಕು. ಸೇತುವೆಯ ಎರಡು ತುದಿಗಳಲ್ಲಿ ಇಬ್ಬರೂ ಮತ್ತೆ ಒಂದೇ ದಾರಿಗೆ ಇಳಿಯಲೇಬೇಕು. ಎಷ್ಟು ವಿಂಗಡಿಸಿದರೂ ಕೂಡುವ ಸ್ಥಳವೊಂದು ಉಳಿದೇ ಉಳಿಯುತ್ತದೆ. ಅಲ್ಲಿ ಕಟ್ಟಡದ ಕೆಲಸ ಮುಗಿದು ಮನುಷ್ಯನ ಕೆಲಸ ಮೊದಲಾಗುತ್ತದೆ.

ಆದುದರಿಂದ, ವೇಗವುಳ್ಳವನು ನಿಧಾನದವನಿಗೆ ಸಲ್ಲಿಸಬೇಕಾದುದು ದಯೆಯಲ್ಲ, ನ್ಯಾಯವೆಂದೇ ಹೇಳಬೇಕಾಗುತ್ತದೆ. ದಯೆಯನ್ನು ತೋರಿಸಿದವನು ಹೊಗಳಿಕೆಯನ್ನು ಬಯಸಬಹುದು. ನ್ಯಾಯವನ್ನು ಸಲ್ಲಿಸಿದವನು ಸಾಲವನ್ನು ತೀರಿಸಿದವನು ಮಾತ್ರ. ಬಲವನ್ನೂ ವೇಗವನ್ನೂ ಇಂದು ಪಡೆದಿರುವವನು ಕೋಲೂರಿ ನಡೆಯುವ ವಯಸ್ಸನ್ನು ಮುಂದೆ ತಾನೂ ಕಾಣಬೇಕಾದವನೇ. ಅಂದು ತನಗೆ ದಾರಿಯಲ್ಲಿ ಎಷ್ಟು ಸ್ಥಳ ಬೇಕಾಗುವುದೋ ಅಷ್ಟನ್ನು ಇಂದು ಇತರರಿಗೆ ಬಿಟ್ಟರೆ ಸಾಕು. ಅದಕ್ಕೆ ತಗಲುವ ವೆಚ್ಚವು ಬಿರಿಯ ಮೇಲೆ ಎರಡು ಬೆರಳು, ಕೆಲವು ನಿಮಿಷ ಹೊತ್ತು.