ಶಾಲೆಯ ಬಾಗಿಲು ಮುಚ್ಚುವಾಗ



ಕೊಡುವವರು ಸಿದ್ಧರಿದ್ದು ಪಡೆಯುವವರು ವಿರಳರಾದಾಗ ದಾನಿಯ ಕರ್ತವ್ಯವೇನು? ಅನ್ನದಾನದಲ್ಲಿ ಈ ಪ್ರಶ್ನೆ ಏಳುವುದಿಲ್ಲ. ಹಸಿವು ದಿನವೂ ಮರಳಿ ಬರುತ್ತದೆ. ವಿದ್ಯಾದಾನದಲ್ಲಿ ಅದು ಇಂದು ಎದುರಿಗೇ ಬಂದು ನಿಂತಿದೆ.

ಕೊಡಗಿನ ಇತಿಹಾಸವನ್ನು ನೆನೆಯಿರಿ. ಹಾಲೇರಿ ವಂಶದ ಲಿಂಗಾಯತ ಅರಸ ದೊಡ್ಡ ವೀರರಾಜೇಂದ್ರನು 1792ರಲ್ಲಿ ವಿರಾಜಪೇಟೆಯನ್ನು ಕಟ್ಟಿಸಿ, ಟಿಪ್ಪುವಿನ ಸೆರೆಯಿಂದ ಪಾರಾಗಿ ಬಂದ ಕ್ಯಾಥೊಲಿಕರಿಗೆ ಅಲ್ಲಿ ನೆಲೆಯನ್ನಿತ್ತನು. ಸಂತ ಅನ್ನಮ್ಮನ ಚರ್ಚು ಹುಟ್ಟಿದ್ದು ಹಾಗೆ. ಮುಂದೆ ಚರ್ಚಿನ ಆಶ್ರಯದ ಶಾಲೆಗಳಲ್ಲಿ ಕೊಡವರು, ಗೌಡರು, ಲಿಂಗಾಯತರು, ಮುಸಲ್ಮಾನರು ಎಲ್ಲರ ಮಕ್ಕಳೂ ಓದಿದರು. ಆದುದರಿಂದ ಅಂತಹ ಶಾಲೆಯೊಂದು ಕ್ಷೀಣಿಸಿದರೆ ಅದು ಅನ್ಯರ ನಷ್ಟವೆಂದು ನಾವು ಸುಮ್ಮನಿರುವಂತಿಲ್ಲ.

ಅಮೆರಿಕದಲ್ಲಿ 1960ರ ದಶಕದ ಆರಂಭಕ್ಕೆ ಸುಮಾರು 13,000 ಕ್ಯಾಥೊಲಿಕ್ ಶಾಲೆಗಳಲ್ಲಿ 50 ಲಕ್ಷಕ್ಕೂ ಮಿಕ್ಕಿ ಮಕ್ಕಳಿದ್ದರು. ಇಂದು ಸುಮಾರು 6,000 ಶಾಲೆಗಳಲ್ಲಿ 17 ಲಕ್ಷದಷ್ಟು ಮಕ್ಕಳಿದ್ದಾರೆ. ಅಲ್ಪ ವೆಚ್ಚದಲ್ಲಿ ಬಾಳಿ ಕಲಿಸುತ್ತಿದ್ದ ಸನ್ಯಾಸಿನಿಯರು ಕಡಿಮೆಯಾದರು. ಸಂಬಳದ ಭಾರ ಶುಲ್ಕಕ್ಕೆ ಬಿತ್ತು. ಬಡವರು ಹಿಂದೆ ಸರಿದರು. ತ್ಯಾಗದ ಬಲದಿಂದ ನಿಂತ ಸಂಸ್ಥೆ ತ್ಯಾಗಿಗಳು ವಿರಳರಾದೊಡನೆ ಅಲುಗಾಡಿತು.

ನಮ್ಮಲ್ಲಿ ರೋಗದ ರೂಪ ಬೇರೆ. ಕಾನ್ವೆಂಟಿನ ಇಂಗ್ಲಿಷ್ ತರಗತಿಗೆ ಬೇಡಿಕೆಯಿದೆ. ಸೊರಗುತ್ತಿರುವುದು ಕನ್ನಡ ಮಾಧ್ಯಮ, ಅದು ಚರ್ಚಿನದಿರಲಿ, ಮಠದ್ದಿರಲಿ, ಸರ್ಕಾರದ್ದಿರಲಿ. ಕುಟುಂಬಗಳು ಚಿಕ್ಕವಾಗಿವೆ. ಅನುದಾನಿತ ಶಾಲೆಗಳಲ್ಲಿ ನಿವೃತ್ತರಾದ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ತೆರವಾಗಿಯೇ ಉಳಿಯುತ್ತವೆ. ಪ್ರಾಥಮಿಕ ತರಗತಿಗಳಲ್ಲಿ ಸರ್ಕಾರವು ಮಾತೃಭಾಷಾ ಮಾಧ್ಯಮವನ್ನು ಹೇರುವಂತಿಲ್ಲವೆಂದು 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು. ಆಯ್ಕೆ ತಂದೆತಾಯಿಗಳದ್ದಾಯಿತು, ಅವರು ಆಯ್ದುಕೊಂಡರು. ಅವರನ್ನು ದೂಷಿಸುವುದು ನ್ಯಾಯವಲ್ಲ.

ಹಾಗಾದರೆ, ಜನರು ಬೇಡವೆಂದುದನ್ನು ನಡೆಸುವುದೇಕೆ ಎಂದು ನೀವು ಕೇಳಬಹುದು. ವಿಚಾರಿಸಿ ನೋಡಿ: ಬಿಟ್ಟುಹೋದವರು ವಾಹನದ ಬಾಡಿಗೆಯನ್ನೂ ಶುಲ್ಕವನ್ನೂ ತೆರಬಲ್ಲವರು. ಉಳಿದವರು ಕಾಫಿ ತೋಟದ ಲೈನ್ ಮನೆಗಳ ಮಕ್ಕಳು. ಅವರಲ್ಲಿ ಅಸ್ಸಾಮಿನಿಂದ, ಬಂಗಾಳದಿಂದ ಬಂದ ಕೂಲಿಕಾರರ ಮಕ್ಕಳೂ ಉಂಟು. ಹಾಜರಿ ಪುಸ್ತಕದಲ್ಲಿ ಹೆಸರುಗಳು ಕಡಿಮೆಯಾದಷ್ಟೂ, ಉಳಿದ ಹೆಸರುಗಳಿಗೆ ಆ ಶಾಲೆಯ ಅಗತ್ಯ ಹೆಚ್ಚುತ್ತದೆ. ಸಂಖ್ಯೆಯು ಬೇಡಿಕೆಯನ್ನು ಅಳೆಯುತ್ತದೆ, ಅಗತ್ಯವನ್ನು ಅಳೆಯುವುದಿಲ್ಲ.

ಹಾಗೆಂದು ಪ್ರತಿಯೊಂದು ಶಾಲೆಯನ್ನೂ ಉಳಿಸಲೇಬೇಕೆಂಬುದು ನಮ್ಮ ವಾದವಲ್ಲ. ಎಂಟು ಮಕ್ಕಳು, ಐದು ತರಗತಿ, ಒಬ್ಬರೇ ಶಿಕ್ಷಕರು ಎಂಬಲ್ಲಿ ಮಗುವಿಗೆ ಒಡನಾಡಿಗಳೂ ಇಲ್ಲ, ಪಾಠವೂ ಪೂರ್ಣವಿಲ್ಲ. ಹಿರಿಯರು ಕಟ್ಟಿದರೆಂಬ ಅಭಿಮಾನಕ್ಕಾಗಿ ಅದನ್ನು ಎಳೆದಾಡುವುದು ಮಗುವಿಗೆ ಬಗೆಯುವ ಅನ್ಯಾಯ. ಮುಚ್ಚುವುದು ಅಧರ್ಮವಲ್ಲ, ಮಕ್ಕಳು ಎಲ್ಲಿಗೆ ಹೋದರೆಂದು ಕೇಳದೆ ಮುಚ್ಚುವುದು ಅಧರ್ಮ. ಮುಂದಿನ ಶಾಲೆ ಎಷ್ಟು ದೂರ? ಆಷಾಢದ ಮಳೆಯಲ್ಲಿ, ಆನೆ ಓಡಾಡುವ ತೋಟದ ದಾರಿಯಲ್ಲಿ, ಏಳು ವರ್ಷದ ಹುಡುಗಿ ಅಲ್ಲಿಗೆ ತಲುಪುವಳೇ? ಇದಕ್ಕೆ ಉತ್ತರ ದೊರೆತ ಮೇಲೆಯೇ ಬೀಗ ಹಾಕಬೇಕು. ಈ ನಿಯಮ ಬಿಷಪ್ಪರಿಗೂ ಒಂದೇ, ಮಠಾಧಿಪತಿಗಳಿಗೂ ಒಂದೇ.

ಮಠದ ಪ್ರಸಾದ ನಿಲಯಗಳಲ್ಲಿ ಉಂಡು, ಕನ್ನಡ ಶಾಲೆಯಲ್ಲಿ ಓದಿ ಇಂದು ಪದವಿಯಲ್ಲಿರುವ ಹಿರಿಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳನ್ನು ಎಲ್ಲಿ ಓದಿಸಬೇಕೆಂಬುದು ನಿಮಗೆ ಬಿಟ್ಟದ್ದು. ಆದರೆ ಜೂನ್ ತಿಂಗಳಿಗೆ ಮುನ್ನ ನೀವು ಓದಿದ ಶಾಲೆಗೆ ಒಮ್ಮೆ ಹೋಗಿ, ಅಲ್ಲಿ ಉಳಿದಿರುವ ಮಕ್ಕಳ ಹೆಸರುಗಳನ್ನು ಕೇಳಿ ತಿಳಿಯಿರಿ. ಅವರಲ್ಲಿ ಒಂದು ಮಗುವಿನ ಓದಿನ ಹೊಣೆಯನ್ನಾದರೂ ವಹಿಸಿಕೊಳ್ಳಿ. ನೀವು ಪಡೆದ ದಾಸೋಹದ ಋಣ ತೀರುವ ದಾರಿ ಅದು.